ಕಸ್ತೂರಿಯ ಗಾರೆ

ತೊರವಿಯ ಹತ್ತಿರ, ನೆಲದಿಂದ ಮೂರಾಳು ಕೆಳಗೆ, ಹಳೆಯ ಸುರಂಗದ ಗೋಡೆಯಲ್ಲಿದ್ದ ಬಿರುಕೊಂದು ತಾನಾಗಿ ಮುಚ್ಚಿಕೊಂಡ ದಿನ ಅಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಬೆಳಿಗ್ಗೆ ಕಿರುಬೆರಳು ತೂರುತ್ತಿದ್ದ ಬಿರುಕು ಸಂಜೆಯ ಹೊತ್ತಿಗೆ ಬಿಳಿಯ ಗೆರೆಯಾಗಿ ಉಳಿದಿತ್ತು. ಗುರುಪಾದ ಇಂಡಿಯೂ ಚಪ್ಪಾಳೆ ತಟ್ಟಿದ. ಅವನ ಕೈ ಮಾತ್ರ ಒಂದು ಕ್ಷಣ ತಡವಾಗಿ ಎದ್ದಿತು. ಯಾರೂ ನೋಡಲಿಲ್ಲವೆಂದು ಅವನು ಅಂದುಕೊಂಡ. ಬಿರುಕಿನ ಪಕ್ಕ, ದೀಪದ ಟೊಪ್ಪಿಗೆ ಹಾಕಿಕೊಂಡು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ಕಸ್ತೂರಿ ನೋಡಿದ್ದಳು. ಆ ಗಾರೆಯನ್ನು ಕಂಡುಹಿಡಿದವಳು ಅವಳು. ಗುರುಪಾದನ ಹೆಂಡತಿ.

ಆ ವರ್ಷಗಳಲ್ಲಿ ವಿಜಯಪುರ ಹಿಂದೆಂದೂ ಇಲ್ಲದಂತೆ ಬೆಳೆಯುತ್ತಿತ್ತು. ಸುತ್ತಲಿನ ಬಯಲಿಗೆ ಬಿಸಿಲಿನ ವಿದ್ಯುತ್ತಿನ ಕಾರ್ಖಾನೆಗಳು ಬಂದಿದ್ದವು. ಅವುಗಳ ಹಿಂದೆಯೇ ಜನ, ಜನರ ಹಿಂದೆಯೇ ಬಡಾವಣೆಗಳು. ಮಳೆನೀರೂ ನದಿಯ ಪಾಲೂ ತೊರವಿಯ ಕೆರೆಗೆ ಬಂದು ಬೀಳುತ್ತಿದ್ದವು. ಅಲ್ಲಿಂದ ಊರಿಗೆ ತರುವುದೇ ಕಷ್ಟ. ಬೇಸಿಗೆಯ ಉರಿಗೆ ನೆಲದ ಮೇಲಿನ ಕೊಳವೆಗಳ ಕೀಲು ಬಿಡುತ್ತಿದ್ದವು, ಪಂಪುಗಳು ಬಿಸಿಯೇರಿ ನಿಂತುಬಿಡುತ್ತಿದ್ದವು. ಓಣಿ ಓಣಿಯಲ್ಲಿ ಟ್ಯಾಂಕರಿನ ಮುಂದೆ ಕೊಡಗಳ ಸಾಲು.

ಹೀಗಿರುವಾಗ ಎಲ್ಲರಿಗೂ ನೆನಪಾದದ್ದು ಸುಲ್ತಾನರ ಕಾಲದ ಸುರಂಗ. ಆದಿಲಶಾಹಿಗಳ ಎಂಜಿನಿಯರುಗಳು ತೊರವಿಯಿಂದ ಊರಿನವರೆಗೆ ನೆಲದೊಳಗೇ ನೀರಿನ ದಾರಿ ಕೊರೆದಿದ್ದರು. ಪಂಪಿಲ್ಲ, ಕರೆಂಟಿಲ್ಲ, ಇಳಿಜಾರೊಂದನ್ನೇ ನಂಬಿ ನೀರು ನಡೆದು ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ಎತ್ತರದ ಕಲ್ಲಿನ ಗೋಪುರಗಳು. ಅವಕ್ಕೆ ಊರವರು ಗಂಜ್ ಎನ್ನುತ್ತಾರೆ. ಇಳಿದು ಬಂದ ನೀರು ಗಂಜಿನೊಳಗೆ ಮೇಲೇರಿ, ರಭಸ ಕಳೆದುಕೊಂಡು, ಮತ್ತೆ ಕೆಳಗಿಳಿದು ಮುಂದೆ ಹೋಗುತ್ತದೆ. ನೀರು ನುಗ್ಗಿದಾಗ ಮುಂದೆ ತಳ್ಳಲ್ಪಟ್ಟ ಗಾಳಿ, ಗಂಜಿನ ನೆತ್ತಿಯ ಗೋಡೆಯೊಳಗೆ ಬಳಸಿಕೊಂಡು ಹೋಗುವ ಸಣ್ಣ ಕಿಂಡಿಗಳಿಂದ ಹೊರಬೀಳುತ್ತದೆ. ಶತಮಾನಗಳ ಹೂಳು, ಬೇರು, ಬಿರುಕು ಇವುಗಳಿಂದ ಆ ದಾರಿ ಎಂದೋ ಕೆಟ್ಟು ನಿಂತಿತ್ತು.

ಆ ಸುರಂಗದಲ್ಲಿ ಗುರುಪಾದ ಹನ್ನೆರಡು ವರ್ಷ ತೆವಳಿದ್ದ. ನೀರಿನ ಪ್ರಾಧಿಕಾರದಲ್ಲಿ ಅವನಷ್ಟು ಆ ದಾರಿ ಬಲ್ಲವರಿರಲಿಲ್ಲ. ಅದರೊಳಗೆ ಉಕ್ಕಿನ ಕೊಳವೆ ಹಾಯಿಸಬೇಕೆಂಬುದು ಅವನ ಯೋಜನೆ. ಗೋಡೆ ಒಡೆಯದೆ ಉಕ್ಕಿನ ಕೊಳವೆ ಇಳಿಸಲಾಗದು, ಇಷ್ಟು ಹಳೆಯದನ್ನು ಒಡೆಯಲಾಗದು ಎಂದು ಪ್ರಾಧಿಕಾರದ ಸಮಿತಿ ಅದನ್ನು ತಳ್ಳಿಹಾಕಿತು. ಅಂದು ಊಟಕ್ಕೆ ಕೂತಾಗ ಅವನು ಸಿಟ್ಟಿನಿಂದ, "ಆ ಬಿರುಕಿನೊಳಗ ಪಾಚಿ ಸುದ್ದಾ ಆರಾಮ ಬೆಳೀತೈತಿ, ನಾ ಒಂದು ಪೈಪ್ ಹಾಕಾಂಗಿಲ್ಲ" ಅಂದಿದ್ದ.

ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳುತ್ತಿದ್ದ ಕಸ್ತೂರಿ ತುತ್ತನ್ನು ಕೈಯಲ್ಲೇ ಹಿಡಿದು ಕೇಳಿದ್ದಳು: "ಪಾಚಿ ಬದಲಿ ಸುಣ್ಣ ಬೆಳದ್ರ?"

ಅವನು ನಕ್ಕುಬಿಟ್ಟಿದ್ದ.

ನಾಲ್ಕು ವರ್ಷದ ಮೇಲೆ ಅವಳು ಬೆಳೆಸಿ ತೋರಿಸಿದಳು. ಹಳೆಯವರು ಬಳಸುತ್ತಿದ್ದ ಸುಣ್ಣ, ಬೆಲ್ಲದ ನೀರಿನ ಗಾರೆಯಲ್ಲೇ ಒಂದು ಜಾತಿಯ ಸೂಕ್ಷ್ಮಜೀವಿಯ ಬೀಜಾಣುಗಳನ್ನು ಕಲಸಿದಳು. ಒಣಗಿದ್ದರೆ ಅವು ನಿದ್ದೆ ಹೋಗುತ್ತವೆ. ಎಲ್ಲಿ ನೀರು ಜಿನುಗುತ್ತದೋ ಅಲ್ಲಿ ಎಚ್ಚೆತ್ತು ಸುಣ್ಣಕಲ್ಲನ್ನು ಕಟ್ಟುತ್ತವೆ. ಕಟ್ಟುವಾಗ ಒಂದು ಬಲು ಸಣ್ಣ ವಿದ್ಯುತ್ತು ಗಾರೆಯುದ್ದಕ್ಕೂ ಹರಿಯುತ್ತದೆ. ಹಾಗಾಗಿ ಸುರಂಗದ ಯಾವ ಮೂಲೆಯಲ್ಲಿ ಗಾಯವಾಗಿದೆ, ಎಷ್ಟು ಮಾಯ್ದಿದೆ ಎಂಬುದು ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಬಣ್ಣವಾಗಿ ಮೂಡುತ್ತದೆ. ಗಾಯವಿದ್ದರೆ ಕೆಂಪು, ಮಾಯ್ದರೆ ಹಸಿರು. ಜೀವಗಾರೆ ಎಂದು ಪತ್ರಿಕೆಯವರು ಹೆಸರಿಟ್ಟರು. ಗುರುಪಾದ ಮನಸ್ಸಿನಲ್ಲೇ ಅದನ್ನು ಕಸ್ತೂರಿಯ ಗಾರೆ ಎನ್ನುತ್ತಿದ್ದ. ಹಾಗೆ ಅಂದುಕೊಂಡಾಗಲೆಲ್ಲ ಎದೆಯ ಕೆಳಗೆಲ್ಲೋ ಚುರ್ ಎನ್ನುತ್ತಿತ್ತು.

ಅವಳು ಒಂದು ದಿನವೂ ಹೆಮ್ಮೆ ತೋರಿಸಿದವಳಲ್ಲ. ಅದೇ ಅವನಿಗೆ ಹೆಚ್ಚು ಕಷ್ಟ. ಯಾವ ವೇದಿಕೆ ಹತ್ತಿದರೂ, "ಇದು ನಮ್ಮನಿಯವ್ರ ಒಂದು ಮಾತಿನಿಂದ ಹುಟ್ಟಿದ್ದು" ಎಂದೇ ಶುರು ಮಾಡುತ್ತಿದ್ದಳು. ಸಭೆಯವರು ಪ್ರೀತಿಯಿಂದ ಅವನ ಕಡೆ ತಿರುಗುತ್ತಿದ್ದರು; ಅವನು ಮುಗುಳ್ನಗುತ್ತಿದ್ದ; ಮುಖದ ಸ್ನಾಯುಗಳು ನೋಯುವವರೆಗೆ. ಪ್ರಾಧಿಕಾರದಲ್ಲಿ ಹೊಸದಾಗಿ ಸೇರಿದವರು ಅವನನ್ನು ಕಸ್ತೂರಿ ಮೇಡಂ ಅವರ ಯಜಮಾನರು ಎಂದು ಗುರುತಿಸತೊಡಗಿದರು. ಅವನ ತಾಯಿ ನೀಲವ್ವ ಓಣಿಯ ಹೆಂಗಸರ ಮುಂದೆ, "ನನ್ನ ಸೊಸಿ ಕೈಯಾಗ ಕಲ್ಲು ಜೀವಾ ಹಿಡೀತಾವ ನೋಡ್ರಿ" ಅನ್ನುತ್ತಿದ್ದಳು. ಹನ್ನೆರಡು ವರ್ಷ ಮಗ ಮೈಯೆಲ್ಲ ಕೆಸರು ಮಾಡಿಕೊಂಡು ಮನೆಗೆ ಬಂದಾಗ ಅವಳು ಹೇಳುತ್ತಿದ್ದದ್ದು, "ಹೊರಗ ಕಾಲ್ ತೊಳ್ಕೊಂಡು ಬಾ" ಎಂದಷ್ಟೇ.

ಅವನು ಕಸ್ತೂರಿಯ ವರದಿಗಳನ್ನೆಲ್ಲ ಓದುತ್ತಿದ್ದ. ಅಷ್ಟು ಆಸ್ಥೆಯಿಂದ ಓದುವವರು ಬೇರೆ ಯಾರೂ ಇರಲಿಲ್ಲ. ಹಸಿದವನು ಅಡುಗೆಮನೆಯ ಡಬ್ಬಿಗಳನ್ನು ತಡಕುವಂತೆ ಪುಟ ಪುಟವನ್ನೂ ತಡಕುತ್ತಿದ್ದ. ಒಮ್ಮೆ ಒಂದು ಅಕ್ಷರ ತಪ್ಪು ಸಿಕ್ಕಿ ಇಡೀ ದಿನ ಹಗುರಾಗಿದ್ದ. ಎರಡು ಸಲ ಸಭೆಯಲ್ಲಿ ಎದ್ದು ನಿಂತು ಆಕ್ಷೇಪ ಎತ್ತಿದ್ದ. ಒಮ್ಮೆ ನೀರಿಗೆ ವಾಸನೆ ಬರಬಹುದು ಎಂದ, ಪರೀಕ್ಷೆಯಲ್ಲಿ ಬರಲಿಲ್ಲ. ಮತ್ತೊಮ್ಮೆ ಬೇಸಿಗೆಯಲ್ಲಿ ಬೀಜಾಣು ಸತ್ತುಹೋಗಬಹುದು ಎಂದ, ಸಾಯಲಿಲ್ಲ. ಎರಡು ಸಲವೂ ಸಭೆ ಮುಗಿದ ಮೇಲೆ ಜನ ಅವನ ಕಣ್ಣು ತಪ್ಪಿಸಿ ಚಹಾ ಕುಡಿದರು.

ಮಳೆಗಾಲಕ್ಕೆ ಮುಂಚೆ ಸುರಂಗದಲ್ಲಿ ನೀರು ಬಿಡಬೇಕೆಂದು ಊರೆಲ್ಲ ಕಾದಿತ್ತು. ಉದ್ಘಾಟನೆಯ ದಿನ ನಿಗದಿಯಾಗಿತ್ತು. ಅದಕ್ಕೂ ಮುನ್ನ ಅರ್ಧ ಹರಿವಿನಲ್ಲಿ ಮೂರು ಪ್ರಯೋಗಗಳಾದವು. ಮೂರನೆಯದು ಮುಗಿದ ಮಧ್ಯಾಹ್ನ ಗುರುಪಾದ ನಿಯಂತ್ರಣ ಕೊಠಡಿಯಲ್ಲಿ ಒತ್ತಡದ ಗೆರೆಗಳನ್ನು ನೋಡುತ್ತ ಕೂತಿದ್ದ. ಪಕ್ಕದಲ್ಲಿ, ನೀರು ಬಿಟ್ಟು ತಡೆಯುವ ಕವಾಟಗಳ ಉಸ್ತುವಾರಿಯ ದಸ್ತಗೀರ ಮುಲ್ಲಾ. ಹತ್ತಾರು ವರ್ಷದ ಜೊತೆಗಾರ.

ಒಂಬತ್ತನೆಯ ಗಂಜಿನ ಗೆರೆ ಅವನಿಗೆ ವಿಚಿತ್ರವಾಗಿ ಕಂಡಿತು. ನೀರು ಗಂಜಿನೊಳಗೆ ಏರುವಾಗ ಒತ್ತಡ ಏರುತ್ತದೆ. ಕಿಂಡಿಗಳಿಂದ ಗಾಳಿ ಹೊರಬಿದ್ದೊಡನೆ ತುಸು ಕುಸಿಯುತ್ತದೆ. ಮೊದಲ ಪ್ರಯೋಗದಲ್ಲಿ ಆ ಕುಸಿತ ಚೆನ್ನಾಗಿ ಕಂಡಿತ್ತು. ಎರಡನೆಯದರಲ್ಲಿ ಕಮ್ಮಿ. ಈಗ ಅದು ಇಲ್ಲವೇ ಇಲ್ಲ. ಏರಿದ ಗೆರೆ ಏರಿಯೇ ಇತ್ತು.

"ಇದೇನು ದಸ್ತಗೀರ, ಹಿಂಗ್ಯಾಕ?"

"ಸೋರಿಕಿ ನಿಂತೈತಿ, ಮತ್ತೇನ್ರಿ. ಮೊದಲು ಎಲ್ಲೆರೆ ಜಿನಗ್ತಿತ್ತು, ಅದಕ್ಕ ಒತ್ತಡ ಬೀಳ್ತಿತ್ತು. ಈಗ ಮೇಡಂ ಅವ್ರ ಗಾರಿ ಎಲ್ಲಾ ಮುಚ್ಚೈತಿ." ಅವನು ಪಕ್ಕದ ಪರದೆ ತೋರಿಸಿದ. ಸುರಂಗ ಆ ತುದಿಯಿಂದ ಈ ತುದಿಯವರೆಗೆ ಹಚ್ಚಹಸಿರು.

ಮಾತು ಸರಿಯಾಗಿಯೇ ಇತ್ತು. ಆದರೆ ಅದೇ ಗೆರೆಗೆ ಇನ್ನೊಂದು ಅರ್ಥವೂ ಇತ್ತು. ಗಾರೆ ಬಿರುಕನ್ನಷ್ಟೇ ಅಲ್ಲ, ಗಾಳಿಯ ಕಿಂಡಿಗಳನ್ನೂ ಮುಚ್ಚುತ್ತಿದ್ದರೆ? ಕಿಂಡಿಗಳಿಗೆ ಕಸ್ತೂರಿ ಗಾರೆ ಬಳಿಸಿರಲಿಲ್ಲ. ಅವು ಸದಾ ಒಣಗಿರುತ್ತವೆ ಎಂದು ಲೆಕ್ಕ ಹಾಕಿದ್ದಳು. ಆದರೆ ನೀರಿನ ಮುಂದೆ ನುಗ್ಗಿ ಬರುವ ಗಾಳಿ ಮಂಜಿನಂತೆ ಒದ್ದೆ. ಅದು ಬೀಜಾಣುಗಳನ್ನೂ ಹೊತ್ತು ತಂದಿರಬಹುದು. ಕಿಂಡಿಯ ತಿರುವಿನ ತಣ್ಣನೆ ಕಲ್ಲಿಗೆ ತಗಲಿ ಅಲ್ಲೇ ಕೂತಿರಬಹುದು. ಪ್ರತಿ ಪ್ರಯೋಗವೂ ಅವಕ್ಕೆ ನೀರುಣಿಸಿದಂತೆ. ಹಸಿರು ಬಣ್ಣ ಹೇಳುವುದು ಮುಚ್ಚಿದೆ ಎಂದಷ್ಟೇ, ಏನು ಮುಚ್ಚಿದೆ ಎಂದಲ್ಲ.

ಈ ಯೋಚನೆ ಹೊಳೆದಾಗ ಗುರುಪಾದನಿಗೆ ಮೊದಲು ಆದದ್ದು ಸಂತೋಷ. ಮೈ ಜುಮ್ಮೆನ್ನುವಂಥ ಸಂತೋಷ. ಆಮೇಲೆ ಆ ಸಂತೋಷವನ್ನು ಕಂಡು ಹೆದರಿಕೆಯಾಯಿತು. ಗೆರೆಯಲ್ಲಿ ತಾನು ಕಾಣುತ್ತಿರುವುದು ಇರುವುದನ್ನೋ, ಇರಲಿ ಎಂದು ಬಯಸಿದ್ದನ್ನೋ? ಅವನು ಪರದೆಯನ್ನು ಎಷ್ಟು ನೋಡಿದರೂ ತಿಳಿಯಲಿಲ್ಲ.

ಸಂಜೆ ಮನೆಗೆ ಬಂದ. ಅವನ ಮನೆಯಿದ್ದದ್ದು ಒಂಬತ್ತನೆಯ ಗಂಜಿನ ಓಣಿಯಲ್ಲೇ. ಗಂಜಿನ ನೆತ್ತಿಗೂ ಅವರ ಮಾಳಿಗೆಗೂ ನಡುವೆ ಒಂದು ಓಣಿಯಷ್ಟೇ ಅಂತರ. ಮಾಳಿಗೆಯ ಮೇಲೆ ನೀಲವ್ವ ಹಳೆಯ ಸೀರೆ ಹಾಸಿ ಶಾವಿಗೆ ಒಣಗಿಸಿದ್ದಳು.

"ಇವತ್ತು ಚಲೋ ಆತಪಾ," ಅಂದಳು. "ಹಿಂದಿನ ಸಲ ನೀವು ನೀರು ಬಿಟ್ಟಾಗ ಗಂಜಿನ ತೂತಿನಿಂದ ಗಾಳಿ ಹೊಡದು ಶಾವಿಗಿ ಎಲ್ಲಾ ಓಣ್ಯಾಗ ಬಿದ್ದಿದ್ವು. ಇವತ್ತು ಹೆದರ್ಕೊಂಡ ಕುಂತಿದ್ನಿ. ಒಂದು ಎಳಿ ಸುದ್ದಾ ಅಳ್ಳಾಡ್ಲಿಲ್ಲ."

ಅವನು ಶಾವಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟ.

ಮರುದಿನ ಬೆಳಿಗ್ಗೆ ನಿರ್ದೇಶಕಿ ವೈಜಯಂತಿ ದೇಸಾಯಿಯವರ ಕೋಣೆಗೆ ಹೋದ. ಕಿಂಡಿ ಮುಚ್ಚಿರಬಹುದು ಎಂದ. ಕಿಂಡಿಗಳು ಗೋಡೆಯೊಳಗೆ ತಿರುಗಿ ಹೋಗುವುದರಿಂದ ಹೊರಗಿನಿಂದ ಕಾಣುವುದಿಲ್ಲ, ಕ್ಯಾಮೆರಾ ಮೊದಲ ತಿರುವು ದಾಟುವುದಿಲ್ಲ ಎಂದ. ಪೂರ್ಣ ಹರಿವು ಬಿಟ್ಟರೆ ಒಳಗೆ ಸಿಕ್ಕ ಗಾಳಿ ಗಂಜನ್ನು ಒಳಗಿನಿಂದ ತಳ್ಳುತ್ತದೆ. ಹಳೆಯ ಕಲ್ಲುಕಟ್ಟಡ ಮೇಲಿನ ಭಾರ ತಡೆಯುತ್ತದೆ, ಒಳಗಿನ ನೂಕು ತಡೆಯುವುದಿಲ್ಲ ಎಂದ. ಉದ್ಘಾಟನೆ ಮುಂದಕ್ಕೆ ಹಾಕಿ ಎಂದ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಳ್ಳೆಯ ಹೆಂಗಸು, ದನಿ ಏರಿಸಿದವರಲ್ಲ. "ಗುರುಪಾದ, ವಾಸನಿ ಬರ್ತೈತಿ ಅಂದ್ರಿ, ಕೇಳಿದ್ವಿ. ಬೀಜ ಸಾಯ್ತಾವ ಅಂದ್ರಿ, ಅದನ್ನೂ ಕೇಳಿದ್ವಿ. ಈಗ ನಿಮ್ಮ ಕಡೆ ಏನೈತಿ? ಒಂದು ಗೆರಿ."

"ಮತ್ತ ನಮ್ಮವ್ವನ ಶಾವಿಗಿ."

ಅವರು ನಗಲಿಲ್ಲ. "ಮನಿಯೊಳಗಿನ ಮಾತು ಮನಿಯೊಳಗ ಇರ್ಲಿ. ಕಸ್ತೂರಿಯವ್ರ ಬಗ್ಗೆ ನಿಮಗ ಏನನಸ್ತೈತಿ ಅಂತ ಇಲ್ಲಿ ಎಲ್ಲಾರಿಗೂ ಗೊತ್ತೈತಿ. ನಾ ಇದನ್ನ ಹೇಳಬಾರ್ದಿತ್ತು, ಹೇಳೂಹಂಗ ಮಾಡಿದ್ರಿ."

ಅವನು ಎದ್ದು ಬಂದ. ಕಿವಿ ಬಿಸಿಯಾಗಿತ್ತು. ಹೊರಗೆ ಬೇವಿನ ಕಟ್ಟೆಯ ಮೇಲೆ ಕೂತು ಯೋಚಿಸಿದ. ಅವರೆಂದದ್ದು ಸುಳ್ಳಲ್ಲವಲ್ಲ. ಹೊಟ್ಟೆಕಿಚ್ಚಿನವನ ಕಣ್ಣಿಗೆ ಹೆಂಡತಿಯ ಕೆಲಸದಲ್ಲಿ ತೂತು ಕಾಣದೆ ಇನ್ನೇನು ಕಾಣಬೇಕು? ಸುಮ್ಮನಿದ್ದುಬಿಡುವುದೇ ಮರ್ಯಾದೆ. ಹೇಳುವವರಿಗೆ ಹೇಳಿಯಾಗಿದೆ. ತನ್ನ ಮಾತು ಸುಳ್ಳಾದರೆ ಯಾರಿಗೂ ನಷ್ಟವಿಲ್ಲ. ನಿಜವಾದರೆ, ಅಂದು ಎಲ್ಲರೂ ತನ್ನ ಕಡೆ ತಿರುಗುತ್ತಾರೆ. ಗುರುಪಾದ ಹೇಳಿದ್ದ, ನಾವೇ ಕೇಳಲಿಲ್ಲ ಎನ್ನುತ್ತಾರೆ. ಕಸ್ತೂರಿಯೂ ತಿರುಗಿ ನೋಡುತ್ತಾಳೆ.

ಆ ಚಿತ್ರವನ್ನು ಅವನು ಸ್ವಲ್ಪ ಹೊತ್ತು ಸವಿದ. ಒಡೆದ ಗಂಜು, ಹರಿದು ಹೋದ ನೀರು, ತನ್ನ ಸುತ್ತ ನೆರೆದ ಅಧಿಕಾರಿಗಳು. ಸವಿಯುತ್ತಿದ್ದಂತೆ ಅವನಿಗೆ ಒಂದು ಸಂಗತಿ ಹೊಳೆಯಿತು. ಆ ಚಿತ್ರದಲ್ಲಿ ಓಣಿಯ ಜನರಿರಲಿಲ್ಲ. ಗಂಜಿನ ಬುಡಕ್ಕೇ ಆತುಕೊಂಡಿದ್ದ ಹೊಲಿಗೆ ಅಂಗಡಿಯಿರಲಿಲ್ಲ. ಉದ್ಘಾಟನೆ ನೋಡಲು ಮಾಳಿಗೆ ಹತ್ತಿ ಕೂರುವ ತನ್ನ ತಾಯಿಯೂ ಇರಲಿಲ್ಲ. ಅವರನ್ನೆಲ್ಲ ತಾನು ಯಾವಾಗ ಅಳಿಸಿಹಾಕಿದೆನೋ ಅವನಿಗೇ ಗೊತ್ತಾಗಿರಲಿಲ್ಲ. ಕಟ್ಟೆಯಿಂದ ಎದ್ದು ನೇರ ಮನೆಗೆ ನಡೆದ.

ಕಸ್ತೂರಿ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ವಿಶ್ವವಿದ್ಯಾಲಯಕ್ಕೆ ರಜೆಯಿದ್ದ ದಿನ ರೊಟ್ಟಿ ಅವಳೇ ಮಾಡಬೇಕು. ಕೈಗೆ ಬೇರೆ ಕೆಲಸ ಸಿಕ್ಕರೆ ತಲೆ ತಿಳಿಯಾಗುತ್ತದೆ ಎನ್ನುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ. ಗೆರೆ, ಒದ್ದೆ ಗಾಳಿ, ಕಿಂಡಿಯ ತಿರುವು, ಶಾವಿಗೆ, ನಿರ್ದೇಶಕಿಯ ಮಾತು. ಅವಳು ತಟ್ಟುವುದನ್ನು ನಿಲ್ಲಿಸಲಿಲ್ಲ. ಹಂಚಿನ ಮೇಲೆ ರೊಟ್ಟಿ ಉಬ್ಬಿತು. ಅದನ್ನು ಮಗುಚಿ ಕೇಳಿದಳು:

"ಇದು ಕಂಡಾಗ ನಿನಗ ಖುಷಿ ಆತೇನು?"

ಅವನು ಸುಳ್ಳು ಹೇಳಬಹುದಿತ್ತು. "ಆತು."

"ಎಷ್ಟು?"

"ಬಾಳ."

ಅವಳು ರೊಟ್ಟಿಯನ್ನು ಬುಟ್ಟಿಗೆ ಹಾಕಿ ಒಲೆ ಆರಿಸಿದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮುಖ ಬಿಳಿಚಿತ್ತು, ಆದರೆ ದನಿ ಸಮವಾಗಿತ್ತು.

"ಉಳದವ್ರು ನನ್ನ ವರದಿ ಓದಿ ಭೇಷ್ ಅಂತಾರ. ಅವ್ರು ಓದೂದು ಭೇಷ್ ಅನ್ನಾಕ. ನೀ ಓದೂದು ಬ್ಯಾರೆ. ನನ್ನ ತಪ್ಪು ಹುಡುಕೂ ಆಸೆ ನಿನಗ ಇದ್ದಷ್ಟು ಯಾರಿಗೂ ಇಲ್ಲ. ನನಗ ಗೊತ್ತಿಲ್ಲ ಅಂದ್ಕೊಂಡಿದ್ದೇನು? ಮದಲಿನ ಎರಡೂ ಸಲ ನೀ ಸಭಾದಾಗ ಎದ್ದು ನಿಂತು ಹೇಳಿದಿ. ಅವತ್ತು ನಿನ್ನ ಮುಖ ನೋಡಿದ್ದೆ. ನಿನಗ ಹೆದರಿಕಿ ಇರ್ಲಿಲ್ಲ."

"ಇವತ್ತು?"

"ಇವತ್ತು ಬಾಗಿಲ್ದಾಗ ನಿಂತಿ. ಒಳಗ ಬರಾಕ ಸುದ್ದಾ ಅಂಜೀದಿ." ಅವಳು ಗೋಡೆಗೆ ಒರಗಿದಳು. "ಕಿಂಡಿ ಒಣಗಿರ್ತಾವ ಅಂತ ನಾ ಬರದೆ. ಹೋಗಿ ಮುಟ್ಟಿ ನೋಡ್ಲಿಲ್ಲ. ನೋಡ್ಬೇಕಿತ್ತು."

ಕಸ್ತೂರಿ ಕೇಳಿದಾಗ ನಿರ್ದೇಶಕಿ ಇಲ್ಲವೆನ್ನಲಿಲ್ಲ. ಇನ್ನೊಂದು ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕಿತು. ಓಣಿಯವರನ್ನು ಆ ಬೆಳಿಗ್ಗೆ ಶಾಲೆಯ ಮೈದಾನಕ್ಕೆ ಕಳಿಸಿದರು. ನೀಲವ್ವ ಗೊಣಗುತ್ತಲೇ ಹೋದಳು. ಗುರುಪಾದನೂ ದಸ್ತಗೀರನೂ ನಿಯಂತ್ರಣ ಕೊಠಡಿಯಲ್ಲಿ. ಕಸ್ತೂರಿ ಕಬ್ಬಿಣದ ಏಣಿ ಹತ್ತಿ ಗಂಜಿನ ನೆತ್ತಿಯಲ್ಲಿ, ಕೈಯಲ್ಲಿ ಹೊತ್ತಿಸಿದ ಊದಿನಕಡ್ಡಿಯ ಕಟ್ಟು ಹಿಡಿದು. ನೆತ್ತಿಗೆ ನಾಲ್ಕು ಕಿಂಡಿಗಳ ಬಾಯಿ. ಗಾಳಿ ಹೊರಬರುತ್ತಿದ್ದರೆ ಹೊಗೆ ಅಡ್ಡಕ್ಕೆ ಹಾರಬೇಕು. ಬೇರೆಯವರನ್ನು ಹತ್ತಿಸೋಣವೆಂದು ಗುರುಪಾದ ಹೇಳಿದ್ದ. ಅವಳು, "ನನ್ನ ಗಾರಿ, ನಾ ನೋಡ್ತೀನಿ" ಅಂದಿದ್ದಳು. ಹೊಗೆ ನೋಡಿದ ಕೂಡಲೇ ಇಳಿಯುತ್ತೇನೆಂದು ಮಾತು ಕೊಟ್ಟಿದ್ದಳು.

ನೀರು ಬಿಟ್ಟರು. ಮೊದಲು ಕಾಲು ಹರಿವು, ಆಮೇಲೆ ಅರ್ಧ. ಗೆರೆ ಏರಿತು. ಮಾಯ್ದ ಸುರಂಗ ಹಸಿರಾಗಿ ಹೊಳೆಯಿತು.

"ಮೊದಲನೇದು?" ಗುರುಪಾದ ಫೋನಿನಲ್ಲಿ ಕೇಳಿದ.

"ಹೊಗಿ ನೆಟ್ಟಗೈತಿ." ಅವಳ ಉಸಿರು ಕೇಳಿಸುತ್ತಿತ್ತು. "ಎರಡನೇದೂ ನೆಟ್ಟಗ. ಮೂರೂ... ಗುರು, ಒಂದ್ರಾಗೂ ಗಾಳಿಲ್ಲ. ನಾಲ್ಕನೇದ್ರಾಗ ಸೀಟಿ ಹೊಡದಂಗ ಸಪ್ಪಳ ಬರಾಕತ್ತೈತಿ, ಸಣ್ಣಾಗಿ."

ಅವನು ಹೇಳಿದ್ದು ನಿಜವಾಗಿತ್ತು. ಇಷ್ಟು ವರ್ಷ ಕಾದ ಗಳಿಗೆ. ಆದರೆ ಅವನೊಳಗೆ ಸಂತೋಷದ ಸುಳಿವೂ ಇರಲಿಲ್ಲ. ಇದ್ದದ್ದು ಪರದೆಯ ಮೇಲಿನ ಗೆರೆಯೊಂದೇ. ಕಳೆದ ಸಲ ಉಳಿದಿದ್ದ ಕೂದಲಿನಷ್ಟು ಸಂದುಗಳೂ ಈ ನಡುವೆ ಮುಚ್ಚಿಹೋಗಿರಬೇಕು; ಅದು ನಿಲ್ಲದೆ ಏರುತ್ತಿತ್ತು.

"ಇಳಿ. ಈಗಲೇ ಇಳಿ."

ದಸ್ತಗೀರನ ಕೈ ಕವಾಟದ ಗುಂಡಿಯತ್ತ ಹಾರಿತು. ಗುರುಪಾದ ಆ ಕೈಯನ್ನು ಹಿಡಿದುಕೊಂಡ. "ಒಮ್ಮಿಗೇ ಬ್ಯಾಡ. ತೊರವಿಯಿಂದ ಇಲ್ಲೀತನಕಾ ಓಡಿ ಬರೂ ನೀರು, ಒಮ್ಮಿಗೇ ತಡದ್ರ ಹಿಂದಿಂದು ಮುಂದಿಂದಕ್ಕ ಗುದ್ದತೈತಿ. ಗಂಜು ಅಲ್ಲೇ ಒಡೀತೈತಿ. ಸಾವಕಾಶ ಮುಚ್ಚು. ಮೊದಲು ಏಳನೇ ಗಂಜಿನ ಹೊರಗಂಡಿ ತೆಗಿ, ನೀರು ಹಳ್ಳಕ್ಕ ಹೋಗ್ಲಿ."

"ಮೇಡಂ ಮ್ಯಾಲ ಅದಾರ್ರಿ."

"ನನಗ ಗೊತ್ತೈತಿ. ಸಾವಕಾಶ."

ಆ ಒಂದು ಮಾತನ್ನು ಅವನು ಮತ್ತೆ ಮತ್ತೆ ಹೇಳಿದ. ಕವಾಟ ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು ಮುಚ್ಚಿಕೊಂಡಿತು. ಫೋನಿನಲ್ಲಿ ಏಣಿಯ ಮೆಟ್ಟಿಲುಗಳ ಸದ್ದು. ಆಮೇಲೆ ಒಣಗಿದ ಮರ ಸೀಳಿದಂತೆ ಇನ್ನೊಂದು ಸದ್ದು. ಆಮೇಲೆ ಬರೀ ನೀರಿನ ಭೋರೆಂಬ ಸದ್ದು. ಅವನು ಹೆಸರು ಹಿಡಿದು ಕೂಗಿದ, ಉತ್ತರ ಬರಲಿಲ್ಲ. ಎದ್ದು ಓಡಬೇಕೆಂದು ಕಾಲು ತುಡಿಯುತ್ತಿತ್ತು. ಆದರೆ ಒತ್ತಡದ ಗೆರೆ ಇನ್ನೂ ಮೇಲೇ ಇತ್ತು. ಅದು ಇಳಿಯಲು ಶುರುವಾಗುವವರೆಗೆ ಅವನು ಕುರ್ಚಿ ಬಿಡಲಿಲ್ಲ. ಇಳಿಯತೊಡಗಿದ ಮೇಲೆ ದಸ್ತಗೀರನಿಗೆ ಒಪ್ಪಿಸಿ ಓಡಿದ.

ಗಂಜಿನ ಒಂದು ಮಗ್ಗುಲಿನ ಕಲ್ಲುಗಳು ಕಳಚಿಬಿದ್ದಿದ್ದವು. ಹೊಲಿಗೆ ಅಂಗಡಿಯ ತಗಡಿನ ಛಾವಣಿ ಮಡಚಿಹೋಗಿತ್ತು. ಯಂತ್ರ ಓಣಿಯ ನಡುವೆ ಕಾಲು ಮೇಲೆ ಮಾಡಿ ಬಿದ್ದಿತ್ತು. ಕಸ್ತೂರಿ ಎದುರು ಮನೆಯ ಕಟ್ಟೆಯ ಮೇಲೆ, ತೊಯ್ದು ತೊಪ್ಪೆಯಾಗಿ, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಏಣಿಯ ಕೊನೆಯ ಮೆಟ್ಟಿಲುಗಳಿಂದ ಜಿಗಿದು ಮಣಿಕಟ್ಟು ಮುರಿದುಕೊಂಡಿದ್ದಳು.

"ಫೋನ್ ನೀರಾಗ ಹೋತು," ಅಂದಳು. ಆಮೇಲೆ ಗಂಜಿನ ಕಡೆ ನೋಡಿ, "ಪೂರಾ ಹರಿವು ಬಿಟ್ಟಿದ್ರ," ಎಂದು ಶುರು ಮಾಡಿ ನಿಲ್ಲಿಸಿದಳು. ಅವನು ಅವಳ ಪಕ್ಕ ಕೂತ. ಅವಳು ಅಳುತ್ತಿದ್ದಳು. ಅದು ಕೈಯ ನೋವಿಗಲ್ಲ ಎಂದು ಅವನಿಗೆ ಗೊತ್ತಿತ್ತು. ತನ್ನ ಕೆಲಸ ಕಣ್ಣೆದುರು ಒಡೆದು ಬಿದ್ದದ್ದನ್ನು ನೋಡಿದವರ ಅಳು ಅವನಿಗೆ ಚೆನ್ನಾಗಿ ಪರಿಚಯವಿತ್ತು. ಹಿಂದೆ ಒಂದು ಕಾಲದಲ್ಲಿ ಅವಳ ಆ ಅಳುವನ್ನು ನೋಡಬೇಕೆಂದು ಅವನು ಬಯಸಿದ್ದ. ಈಗ ನೋಡಲಾಗದೆ ಮುಖ ತಿರುಗಿಸಿದ.

ಉದ್ಘಾಟನೆ ಚಳಿಗಾಲಕ್ಕೆ ಹೋಯಿತು. ಎಲ್ಲ ಗಂಜುಗಳ ಕಿಂಡಿಗಳನ್ನು ಕೊರೆದು ಬಿಡಿಸಿದರು. ಒಳಗೆಲ್ಲ ಬಿಳಿಯ ಕಲ್ಲು ಹಲ್ಲಿನಂತೆ ಬೆಳೆದಿತ್ತು. ತಾಮ್ರ ತಗಲಿದ ಕಡೆ ಆ ಜೀವಿ ಬೆಳೆಯುವುದಿಲ್ಲವೆಂದು ಕಸ್ತೂರಿ ಹೇಳಿದಳು. ಕಿಂಡಿಯ ತಿರುವಿಗೆ ಹೊಂದುವ ತಾಮ್ರದ ಕೊಳವೆಗಳನ್ನು ಗುರುಪಾದ ಮಾಡಿಸಿದ. ಹೊಲಿಗೆ ಅಂಗಡಿಯನ್ನು ಪ್ರಾಧಿಕಾರ ಕಟ್ಟಿಸಿಕೊಟ್ಟಿತು. ನಿರ್ದೇಶಕಿ ಗುರುಪಾದನನ್ನು ಕರೆದು ಕ್ಷಮೆ ಕೇಳಿದರು. ಅವನಿಗೆ ಅದರಿಂದ ಮುಜುಗರವೇ ಆಯಿತು. ಅವರು ಅಂದದ್ದರಲ್ಲಿ ಸುಳ್ಳೇನೂ ಇರಲಿಲ್ಲ ಎಂದ.

ಪತ್ರಿಕೆಗಳು ಬರೆದದ್ದು ಬೇರೆ. ತನ್ನ ಸಂಶೋಧನೆಯ ತಪ್ಪನ್ನು ತಾನೇ ಪ್ರಾಣ ಒತ್ತೆಯಿಟ್ಟು ಬಯಲು ಮಾಡಿದ ವಿಜ್ಞಾನಿ ಎಂದು ಕಸ್ತೂರಿಯ ಚಿತ್ರ ಮೊದಲ ಪುಟದಲ್ಲಿ ಬಂತು, ಕೈಗೆ ಕಟ್ಟಿದ ಪ್ಲಾಸ್ಟರಿನ ಸಮೇತ. ತಪ್ಪು ಕಂಡವನು ಗಂಡ ಎಂದು ಅವಳು ಪ್ರತಿ ವರದಿಗಾರನಿಗೂ ಬಿಡಿಸಿ ಹೇಳಿದ್ದಳು. ಅದು ಕೊನೆಯ ಸಾಲಿನಲ್ಲಿ, ಪತಿಯ ಸಹಕಾರವೂ ಇತ್ತು ಎಂದು ಸೇರಿತ್ತು. ಗುರುಪಾದ ಆ ಸಾಲನ್ನು ಎರಡು ಸಲ ಓದಿದ. ಎದೆಯ ಕೆಳಗೆ ಚುರ್ ಎಂದಿತು. ಇಷ್ಟೆಲ್ಲ ಆದ ಮೇಲೂ ಅದು ಅಲ್ಲೇ ಇದೆಯಲ್ಲ ಎಂದು ಅವನಿಗೆ ಸಿಟ್ಟೂ ಬಂತು, ನಗುವೂ ಬಂತು.

ಮಾಗಿಯ ಒಂದು ಬೆಳಿಗ್ಗೆ ಸುರಂಗದಲ್ಲಿ ಪೂರ್ಣ ಹರಿವು ಬಿಟ್ಟರು. ಪಂಪಿನ ಸದ್ದಿಲ್ಲದೆ ನೀರು ಓಣಿಯ ನಲ್ಲಿಗೆ ಬಂತು. ತಣ್ಣಗಿತ್ತು, ತುಸು ಸುಣ್ಣದ ರುಚಿ. ಹೆಂಗಸರು ಕೊಡ ಇಟ್ಟು ಮಾತಾಡುತ್ತ ನಿಂತರು. ಯಾರೂ ಜಗಳ ಆಡಲಿಲ್ಲ. ಟ್ಯಾಂಕರಿನವನು ಆಚೆ ಬಡಾವಣೆಗೆ ಹೋದ.

ವಾರವೊಂದು ಕಳೆದ ಮೇಲೆ ಬೀದರದಿಂದ ಕಸ್ತೂರಿಗೆ ಕರೆ ಬಂತು. ಅಲ್ಲಿಯೂ ನೆಲದಡಿಯ ಹಳೆಯ ನೀರುದಾರಿಯಿದೆ, ಅಲ್ಲಿಯೂ ಊರು ಬೆಳೆಯುತ್ತಿದೆ, ಬರಬೇಕು ಎಂದು. ಫೋನು ಕೆಳಗಿಟ್ಟು ಅವಳು ಮಾಳಿಗೆಗೆ ಬಂದಳು. ಗುರುಪಾದ ಬಿಸಿಲಿಗೆ ಬೆನ್ನು ಕೊಟ್ಟು ಚಹಾ ಕುಡಿಯುತ್ತಿದ್ದ.

"ಬರ್ತೀನಿ ಅಂದೀನಿ," ಎಂದಳು. "ಒಂದು ಷರತ್ತು ಹಾಕೀನಿ. ನನ್ನ ಒಂದೊಂದು ನಕ್ಷೆಗೂ ವಿರುದ್ಧ ಮಾತಾಡಾಕ ಒಬ್ಬ ಎಂಜಿನಿಯರ್ ಬೇಕು. ಅವ ಒಪ್ಪಿ ಸಹಿ ಹಾಕಿದ್ರನ ಕೆಲಸ ಶುರು. ಅದಕ್ಕೊಂದು ಹುದ್ದೆ ಮಾಡ್ರಿ ಅಂದೆ. ಮಾಡ್ತಾರಂತ. ನಿನ್ನ ಹೆಸರು ಕೊಟ್ಟೀನಿ."

"ಅಂದ್ರ ನಿನ್ನ ತಪ್ಪು ಹುಡುಕೂದು ನನ್ನ ಕೆಲಸ."

"ಇಷ್ಟು ದಿನ ಪುಕ್ಕಟೆ ಮಾಡಿದಿ. ಇನ್ಮ್ಯಾಲ ಪಗಾರ ಕೊಡ್ತಾರ."

ಅವನು ಚಹಾದ ಲೋಟವನ್ನು ಕೆಳಗಿಟ್ಟ. ಹೇಳಬಾರದೆಂದುಕೊಂಡಿದ್ದ ಮಾತು ತಾನಾಗಿ ಬಂತು. "ಕಸ್ತೂರಿ, ಅದು ಹೋಗಿಲ್ಲ. ನನ್ನೊಳಗಿಂದು. ಅವತ್ತು ಪೇಪರಿನ್ಯಾಗ ನಿನ್ನ ಫೋಟೋ ನೋಡಿದಾಗೂ ಉರೀತು. ನೀ ಬದುಕಿ ಬಂದಿ ಅಂತ ದೇವ್ರಿಗೆ ಕೈ ಮುಗದೀನಿ, ಮತ್ತ ಅದೇ ಹೊತ್ತಿಗೆ ಉರೀತು. ನಾ ಏನ್ ಮಾಡ್ಲಿ?"

ಅವಳು ಅವನ ಲೋಟ ತೆಗೆದುಕೊಂಡು ಉಳಿದಿದ್ದ ಚಹಾವನ್ನು ತಾನು ಕುಡಿದಳು. ಮುರಿದಿದ್ದ ಮಣಿಕಟ್ಟು ಕೂಡಿಕೊಂಡಿದ್ದರೂ ಇನ್ನೂ ತುಸು ಸೊಟ್ಟಗಿತ್ತು.

"ನನಗ ಗೊತ್ತೈತಿ," ಅಂದಳು. "ಅದು ಹೋದ ದಿನ ಮಾತ್ರ ಹೇಳು. ಬ್ಯಾರೆ ಎಂಜಿನಿಯರನ್ನ ಹುಡುಕ್ಬೇಕಾಗ್ತೈತಿ."